ತಳದ ಕೊಂಡಿ

ಪಾಯಪ್ಪ ಗುರುಗಳು ಕೀಲಿಗೊಂಚಲು ನನ್ನ ಕೈಗಿಟ್ಟ ದಿನ
ಎಣಿಸಿದೆ: ಇಪ್ಪತ್ತೇಳು ಕೀಲಿ.
ಗುರುಕುಲದಲ್ಲಿ ಬೀಗ ಇದ್ದದ್ದು ಹತ್ತೊಂಬತ್ತು.
ಉಳಿದ ಎಂಟು ಯಾವುದಕ್ಕೆ ಅಂತ ಕೇಳಿದರೆ
‘ಗೊತ್ತಿಲ್ಲ. ಆದರ ಒಗೀಬ್ಯಾಡ’ ಅಂದು
ಚಿಕ್ಕೋಡಿ ಬಸ್ಸು ಹತ್ತಿದರು.

ಹೀಗೆ ನಾನು ಸುಪರಿಂಟೆಂಡೆಂಟ್ ಆದೆ.
ದೂಧಗಂಗೆಯ ಈಚೆ ದಂಡೆ, ಎಂಬತ್ತಾರು ಹುಡುಗರು,
ಒಂದು ಬಸದಿ, ಒಂದು ಬಾವಿ, ಎರಡು ಎಮ್ಮೆ.
ಗಣಿತದ ಮಾಸ್ತರ ನಾನು,
ಭಾಗಿಸಿದರೆ ಶೇಷ ಉಳಿಯಬಾರದು ಎನ್ನುವ ಪೈಕಿ.

ಟ್ರಸ್ಟಿನವರು ಬೆಳಗಾವಿಗೆ ತರಬೇತಿಗೆ ಕಳಿಸಿದರು, ಮೂರು ದಿನ.
ಟಿಳಕವಾಡಿಯ ತಣ್ಣನೆ ಹಾಲಿನಲ್ಲಿ
ಮದರಸಾದ ನಾಜಿಮ ಸಾಹೇಬರು,
ಮಠದ ಪಾಠಶಾಲೆಯ ವ್ಯವಸ್ಥಾಪಕರು,
ಕಾನ್ವೆಂಟಿನ ಸಿಸ್ಟರ್, ಪಕ್ಕದ ಕುರ್ಚಿಗೆ ನಾನು.
ಪುಣೆಯ ತರುಣ ಬೋರ್ಡಿನ ಮೇಲೆ ತ್ರಿಕೋಣ ಬರೆದ.
ತುದಿಗೆ ಬೆರಳಿಟ್ಟು, ‘ಇದು ನೀವು’ ಅಂದ.
ನಾಲ್ವರೂ ತಲೆ ಬಗ್ಗಿಸಿ ತ್ರಿಕೋಣ ಬರೆದುಕೊಂಡೆವು.
ಅಷ್ಟು ಚೂಪಾದ ಜಾಗದಲ್ಲಿ
ಕೂಡುವುದು ಹೇಗೆ ಅಂತ ಯಾರೂ ಕೇಳಲಿಲ್ಲ.
ಚಹಾದ ಹೊತ್ತಿಗೆ ಸಿಸ್ಟರ್ ಮಾತ್ರ ಮೆಲ್ಲಗೆ,
‘ನಮ್ಮಲ್ಲಿ ತುದಿಗೆ ಗಂಟೆ ಇರ್ತದ, ಹಗ್ಗ ಕೆಳಗಿರ್ತದ.’
ನಾಜಿಮ ಸಾಹೇಬರು ನಕ್ಕರು.
ನಾನು ಅದನ್ನು ಬರೆದುಕೊಳ್ಳಲಿಲ್ಲ.

ಬಂದವನೇ ದೂರಿನ ಪೆಟ್ಟಿಗೆ ತೂಗು ಹಾಕಿಸಿದೆ,
ಕೆಂಪು ಬಣ್ಣ, ಇಪ್ಪತ್ತನೇ ಬೀಗ.
ಪ್ರತಿ ಶನಿವಾರ ತೆರೆದು ಸೋಸಿದೆ.
ನಲ್ಲಿ ಸೋರುತ್ತದೆ: ಫೈಲಿಗೆ.
ಕಿಟಕಿ ಗಾಜು ಒಡೆದಿದೆ: ಫೈಲಿಗೆ.
‘ರಾತ್ರಿ ಹಸಿವು ಬಂದು ಎಬ್ಬಸತೈತ್ರಿ’,
‘ಹೊಸಾ ಹುಡುಗ ಹೊದಿಕ್ಯಾಗ ಅಳತಾನ’,
‘ಸರ್, ನೀವು ನಗಂಗಿಲ್ಲ ಯಾಕ್ರಿ?’
ಇವು ಬಚ್ಚಲೊಲೆಗೆ.
ನೀರು ಚೆನ್ನಾಗಿ ಕಾದಿತ್ತು, ಸುಳ್ಳು ಹೇಳಬಾರದು.

ಚಳಿಗಾಲದ ಒಂದು ಸಂಜೆ.
ಹೊತ್ತು ಮುಳುಗುವ ಮೊದಲೇ ಉಣ್ಣಬೇಕು ನಾವು.
ತಾಟು ಹಾಕಿ ಎಣಿಸಿದರೆ ಎಂಬತ್ತನಾಲ್ಕು.
ಐದನೇ ಇಯತ್ತೆಯ ಪಾರೀಸ ಇಲ್ಲ, ಉಗಾರದಿಂದ ಬಂದ ಹೊಸಬ;
ಒಂಬತ್ತನೆಯ ಶ್ರೇಣಿಕನೂ ಇಲ್ಲ.
ಸೂರ್ಯ ಕಬ್ಬಿನ ಸೂಲಂಗಿಯ ಮೇಲೆ ಕೂತಿದ್ದ.
ಬೈಗುಳಗಳನ್ನು ಅನುಕ್ರಮವಾಗಿ ಜೋಡಿಸಿಕೊಳ್ಳುತ್ತಾ
ಹಿತ್ತಲಿಗೆ ನಡೆದೆ.

ಇಬ್ಬರೂ ಬಾವಿಯ ಕಟ್ಟೆಗೆ ಹೊಟ್ಟೆ ಆನಿಸಿ ಬಗ್ಗಿದ್ದರು.
ಹಗ್ಗ ಪಾರೀಸನ ಕೈಯಲ್ಲಿ.
‘ಏಯ್’ ಅನ್ನುವಷ್ಟರಲ್ಲಿ
ಶ್ರೇಣಿಕ ತಿರುಗದೆಯೇ ಅಂಗೈ ಎತ್ತಿದ:
‘ತಡೀರಿ ಸರ್. ಇನ್ನಾ ನೀರು ಮುಟ್ಟಿಲ್ಲ.’

ಅಡಿಗೆಯ ನೀರು ಸೋಸಿದ ಅರಿವೆ,
ಅದರ ಮೇಲುಳಿದ, ಕಣ್ಣಿಗೆ ಕಾಣದ ಜೀವಗಳು,
ಅವನ್ನು ತೊಳೆದುಕೊಂಡ ಬಕೀಟು,
ತಳಕ್ಕೊಂದು ಕೊಂಡಿ.
ನಲವತ್ತು ವರ್ಷ ಈ ಧರ್ಮದಲ್ಲಿ ನೀರು ಕುಡಿದಿದ್ದೇನೆ,
ಈ ಹಗ್ಗ ಹಿಡಿದಿರಲಿಲ್ಲ.
‘ಮ್ಯಾಲಿಂದ ಚೆಲ್ಲಿದರ ಸಾಯತಾವ,’
ಶ್ರೇಣಿಕ ಹುಡುಗನಿಗೆ ಹೇಳುತ್ತಿದ್ದ, ನನಗಲ್ಲ,
‘ಎಲ್ಲಿಂದ ತಂದೀವಿ, ಅಲ್ಲೀತನಕಾ ಇಳಸಬೇಕು.’
ಹಗ್ಗ ಸಡಿಲಾಯಿತು.
ಒಂದು ಸಣ್ಣ ಜಗ್ಗು.
ಕೆಳಗೆ ಬಕೀಟು ಸದ್ದಿಲ್ಲದೆ ಮಗುಚಿತು.
‘ಹೋದವೇನು?’ ಪಾರೀಸ ಕೇಳಿದ.
‘ಮನೀಗೆ ಹೋದವು.’
ಆ ಮಾತಿಗೆ ಹುಡುಗ ಅತ್ತ, ಹೊದಿಕೆಯಿಲ್ಲದೆ,
ಹಗ್ಗ ಮಾತ್ರ ಬಿಡಲಿಲ್ಲ.

ಅಷ್ಟರಲ್ಲಿ ಹೊತ್ತು ಮುಳುಗಿತು.
ಆ ರಾತ್ರಿ ಮೂವರಿಗೂ ಊಟವಿಲ್ಲ.
ಹತ್ತು ಗಂಟೆಗೆ ಹಸಿವು ನನ್ನನ್ನೂ ಎಬ್ಬಿಸಿತು,
ಚೀಟಿಯಲ್ಲಿ ಬರೆದಿದ್ದ ಹಾಗೆಯೇ.

ಈಗ ಉಗ್ರಾಣದ ಕೀಲಿ ಶ್ರೇಣಿಕನ ಹತ್ತಿರ,
ದೂರಿನ ಪೆಟ್ಟಿಗೆಯದು ಅಡಿಗೆಯ ಕಾಶವ್ವನ ಹತ್ತಿರ.
ಅವಳಿಗೆ ಓದು ಬಾರದು, ಹುಡುಗರೇ ಬಂದು ಓದಿ ಹೇಳುತ್ತಾರೆ,
ನಾನು ಬಾಗಿಲಾಚೆ ಕುಳಿತು ಬಟಾಣಿ ಸುಲಿಯುತ್ತೇನೆ.
ಬೀಗವಿಲ್ಲದ ಎಂಟು ಕೀಲಿ ನನ್ನಲ್ಲೇ ಇವೆ.

ವರ್ಷದ ಕೊನೆಗೆ ಟ್ರಸ್ಟಿನಿಂದ ಅರ್ಜಿನಮೂನೆ ಬಂತು:
ತರಬೇತಿಯ ನಂತರ ಕಂಡುಕೊಂಡ ಮುಖ್ಯ ಅಂಶ?
ಬಹಳ ಹೊತ್ತು ಪೆನ್ನು ಕಚ್ಚಿ ಬರೆದೆ:
‘ಹಗ್ಗ ನೀರಿನತನಕ ಮುಟ್ಟುವಷ್ಟು ಉದ್ದ ಇರಬೇಕು.’
ಮುಂದಿನ ಸಭೆಯಲ್ಲಿ
ಹೊಸ ಹಗ್ಗಕ್ಕೆ ಮುನ್ನೂರ ಐವತ್ತು ರೂಪಾಯಿ
ಸರ್ವಾನುಮತದಿಂದ ಮಂಜೂರಾಯಿತು.